ಜೊತೆಗೆ ಹೋಗುವವರು ಬೇಕು: ಹುಬ್ಬಳ್ಳಿ-ಧಾರವಾಡದಲ್ಲಿ ಒಂಟಿ ಹಿರಿಯರಿಗೂ ದಿಕ್ಕಿಲ್ಲದವರಿಗೂ ನೆರವಾಗುವ ದಾರಿ

ರೇಷನ್ ಅಂಗಡಿಯ ಮಷಿನ್ ಮೇಲೆ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ. ಕೆಂಪು ದೀಪ ಹತ್ತುತ್ತದೆ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಮತ್ತೆ ಕೆಂಪು. ‘ಥಂಬ್ ಬೀಳವಲ್ದು ಆಯಿ, ನಾಳೆ ಬರ್ರಿ.’ ಅಜ್ಜಿ ಖಾಲಿ ಚೀಲ ಮಡಚಿಕೊಂಡು ಹೊರಡುತ್ತಾರೆ. ನಾಳೆಯೂ ಬೆರಳು ಅದೇ, ಮಷಿನ್ನೂ ಅದೇ.

ಆ ಅಜ್ಜಿಗೆ ಅಕ್ಕಿ ಮಂಜೂರಾಗಿದೆ, ಪಗಾರವೂ (ಸರ್ಕಾರದ ತಿಂಗಳ ಪಿಂಚಣಿ) ಮಂಜೂರಾಗಿರಬಹುದು. ಬೆರಳು ಹತ್ತದಿದ್ದರೆ ಬೇರೆ ದಾರಿಯೂ ಉಂಟು. ಅದನ್ನು ಕೇಳಿ ಪಡೆಯಲು ಅವರ ಜೊತೆ ನಿಲ್ಲುವವರು ಮಾತ್ರ ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ದಾಸೋಹಕ್ಕೆ ಬರವಿಲ್ಲ, ದಾನ ಕೊಡುವ ಕೈಗಳೂ ಬಹಳ. ಕೊರತೆ ಇರುವುದು ನಾಲ್ಕು ಸಲ ಕಚೇರಿಗೆ ಜೊತೆಯಾಗಿ ಹೋಗಿಬರುವ ಮನುಷ್ಯನದು. ಈ ಬರಹ ಆ ಕೆಲಸ ಮಾಡಲು ಮನಸ್ಸಿರುವವರಿಗೆ.

ಒಬ್ಬರಿಂದ ಶುರು ಮಾಡಿ

ಇಡೀ ಓಣಿಯ ಪಟ್ಟಿ ಮಾಡಲು ಹೋಗಬೇಡಿ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಒಬ್ಬರನ್ನು ಆರಿಸಿಕೊಳ್ಳಿ. ಒಂದು ಅರ್ಜಿ ಮುಗಿಯಲು ಸಾಮಾನ್ಯವಾಗಿ ಮೂರು ನಾಲ್ಕು ಓಡಾಟ ಬೇಕು. ಒಂದೇ ಸಲ ಐದು ಜನರ ಕಾಗದ ಹಿಡಿದುಕೊಂಡವರು ಎರಡನೇ ತಿಂಗಳಿಗೆ ಸುಸ್ತಾಗಿ ಬಿಡುತ್ತಾರೆ. ಬಿಟ್ಟುಹೋದ ಮೇಲೆ ಆ ಹಿರಿಯರು ಮುಂದೆ ಬರುವ ಯಾರನ್ನೂ ನಂಬುವುದಿಲ್ಲ.

ಮೊದಲ ದಿನ ಕಾಗದ ಕೇಳಬೇಡಿ. ‘ಆಯಿ, ಆರಾಮ ಅದೀರೇನ್ರಿ? ಊಟ ಆತೇನು?’ ಅಂತ ಕಟ್ಟೆಯ ಮೇಲೆ ಕುಳಿತು ಮಾತಾಡಿ. ಎರಡನೇ ಅಥವಾ ಮೂರನೇ ಭೇಟಿಯಲ್ಲಿ ನಾಲ್ಕು ಸಂಗತಿ ತಿಳಿದುಕೊಳ್ಳಿ: ಪಗಾರ ಬರುತ್ತದೆಯೇ, ಕೊನೆಗೆ ಯಾವ ತಿಂಗಳು ಬಂತು? ರೇಷನ್ ಯಾರು ತರುತ್ತಾರೆ? ದಿನಾ ತಿನ್ನುವ ಗುಳಿಗೆ ಏನಾದರೂ ಇದೆಯೇ, ಮುಗಿದರೆ ಯಾರು ತಂದುಕೊಡುತ್ತಾರೆ? ರಾತ್ರಿ ಆರಾಮ ತಪ್ಪಿದರೆ ಯಾರನ್ನು ಕೂಗುತ್ತಾರೆ? ಕೊನೆಯ ಪ್ರಶ್ನೆಗೆ ಹಿರಿಯರು ಸುಮ್ಮನಾದರೆ, ನಿಮ್ಮ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಪಕ್ಕದ ಮನೆಯವರ ಜೊತೆ ಮಾತಾಡಿ, ಒಂದು ಫೋನ್ ನಂಬರು ದೊಡ್ಡಕ್ಷರದಲ್ಲಿ ಬರೆದು ಒಲೆಯ ಹತ್ತಿರದ ಗೋಡೆಗೆ ಅಂಟಿಸಿ.

ಕಾಗದದ ಚೀಲ

ಜಿಪ್ ಇರುವ ಒಂದು ಪ್ಲಾಸ್ಟಿಕ್ ಫೈಲ್ ತನ್ನಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಪಾಸ್‌ಬುಕ್, ಮತದಾರರ ಚೀಟಿ, ಆಸ್ಪತ್ರೆಯ ಚೀಟಿ ಅದರಲ್ಲಿರಲಿ. ವಿಧವೆಯಾಗಿದ್ದರೆ ಗಂಡನ ಮರಣ ಪ್ರಮಾಣಪತ್ರ, ಅಂಗವಿಕಲರಾಗಿದ್ದರೆ ಅವರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಕೂಡ ಬೇಕು. ಪ್ರತಿಯೊಂದರ ಐದು ಝೆರಾಕ್ಸ್, ಆರು ಫೋಟೋ ಸಾಕು. ಮೂಲ ಕಾಗದಗಳನ್ನು ನಿಮ್ಮ ಮನೆಗೆ ಒಯ್ಯಬೇಡಿ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಮೂಲವನ್ನು ಅವರ ಟ್ರಂಕಿನಲ್ಲೇ ಇಡಿ.

ಈಗ ಎಲ್ಲ ಕಾಗದಗಳನ್ನೂ ಸಾಲಾಗಿ ಹರಡಿ ಹೆಸರು ಓದಿ. ನಮ್ಮ ಕಡೆ ಅರ್ಧಕ್ಕರ್ಧ ತೊಂದರೆ ಇರುವುದು ಇಲ್ಲಿಯೇ. ಮನೆಯಲ್ಲಿ ನೀಲವ್ವ, ರೇಷನ್ ಕಾರ್ಡಿನಲ್ಲಿ ನೀಲಮ್ಮ, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಸೇರಿಸಿ ನೀಲವ್ವ ಬಸಪ್ಪ, ಆಧಾರ್‌ನಲ್ಲಿ ಅಡ್ಡಹೆಸರೂ ಸೇರಿಕೊಂಡು ಇನ್ನೊಂದು. ‘ವ್ವ’ ಮತ್ತು ‘ಮ್ಮ’ ಒಂದೇ ಎಂದು ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ‘ಯಲ್ಲವ್ವ’ ಎಂಬ ಒಂದು ಹೆಸರು ನಾಲ್ಕು ಬಗೆಯ ಕಾಗುಣಿತಕ್ಕೆ ಒಡೆದುಹೋಗುತ್ತದೆ.

ಇಂಥಲ್ಲಿ ಅವಸರಪಟ್ಟು ಆಧಾರ್ ತಿದ್ದಿಸಲು ಓಡಬೇಡಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಆಧಾರ್‌ನಲ್ಲಿರುವ ಹೆಸರು ಸುಮಾರಾಗಿ ಸರಿಯಿದ್ದರೆ ಅದನ್ನೇ ಗಟ್ಟಿ ಮಾಡಿಕೊಂಡು, ಪಾಸ್‌ಬುಕ್ ಮತ್ತು ರೇಷನ್ ಕಾರ್ಡನ್ನು ಅದಕ್ಕೆ ಹೊಂದಿಸಿ. ವಯಸ್ಸು ಹತ್ತು ವರ್ಷ ಕಡಿಮೆ ಬಿದ್ದು ಪಗಾರಕ್ಕೇ ಅಡ್ಡಿಯಾಗಿದ್ದರೆ ಮಾತ್ರ ದಿನಾಂಕ ತಿದ್ದಿಸಿ. ಆ ಒಂದು ಅವಕಾಶ ವ್ಯರ್ಥವಾಗದಂತೆ ಯಾವ ದಾಖಲೆ ನಡೆಯುತ್ತದೆ ಎಂದು ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ ಮೊದಲೇ ಕೇಳಿಕೊಳ್ಳಿ.

ಪಗಾರ ಹಚ್ಚಿಸುವುದು

ಸರ್ಕಾರದ ಭಾಷೆಯಲ್ಲಿ ಸಾಮಾಜಿಕ ಭದ್ರತಾ ಪಿಂಚಣಿ, ನಮ್ಮ ಓಣಿಯ ಭಾಷೆಯಲ್ಲಿ ಪಗಾರ. 65 ವರ್ಷ ದಾಟಿದವರಿಗೆ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ. ವಿಧವಾ ವೇತನ 800. ಅಂಗವಿಕಲರಿಗೆ ನ್ಯೂನತೆ ಶೇ 40ರಿಂದ 75ರವರೆಗೆ ಇದ್ದರೆ 800, ಅದಕ್ಕೂ ಹೆಚ್ಚಿದ್ದರೆ 1,400, ಬುದ್ಧಿಮಾಂದ್ಯತೆ ಇದ್ದರೆ 2,000. 40 ದಾಟಿದ ಅವಿವಾಹಿತ ಮತ್ತು ವಿಚ್ಛೇದಿತ ಹೆಣ್ಣುಮಕ್ಕಳಿಗೆ ಮನಸ್ವಿನಿ ಇದೆ. ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. ಒಬ್ಬರಿಗೆ ಒಂದೇ ಪಗಾರ. ಎರಡಕ್ಕೆ ಅರ್ಜಿ ಹಾಕಿಸಿದರೆ ಎರಡೂ ಸಿಕ್ಕಿಬೀಳುತ್ತವೆ. 65 ದಾಟಿದ ವಿಧವೆಯಾಗಿದ್ದರೆ ಯಾವುದು ಹೆಚ್ಚು ಎಂದು ನೋಡಿ ಒಂದನ್ನೇ ಆರಿಸಿ.

ಅರ್ಜಿ ಕೊಡುವುದು ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ. ಪೇಟೆಯಲ್ಲಿ ಕರ್ನಾಟಕ ಒನ್, ಹಳ್ಳಿಯಲ್ಲಿ ಗ್ರಾಮ ಒನ್ ಕೂಡ ನಡೆಯುತ್ತದೆ. ಅರ್ಜಿ ತಗೊಂಡವರು ನಂಬರು ಇರುವ ರಸೀದಿ ಕೊಡುತ್ತಾರೆ. ಅದನ್ನು ಪಡೆಯದೆ ಕೌಂಟರ್ ಬಿಡಬೇಡಿ. ‘ಬರ್ಕೊಂಡೀವಿ, ಹೋಗ್ರಿ’ ಅಂದರೆ ಅರ್ಜಿ ಆಗಿಲ್ಲವೆಂದೇ ತಿಳಿಯಿರಿ.

ಮುಂದೆ ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬರುತ್ತಾರೆ, ನಂತರ ಕಂದಾಯ ನಿರೀಕ್ಷಕರು, ಕೊನೆಗೆ ತಹಶೀಲ್ದಾರರು. ಅರ್ಜಿಗಳು ಕೆಡುವುದು ಮೊದಲ ಮೆಟ್ಟಿಲಿನಲ್ಲಿಯೇ. ಅಧಿಕಾರಿ ಬಂದ ದಿನ ಅಜ್ಜಿ ಮಗಳ ಊರಿಗೆ ಹೋಗಿರುತ್ತಾರೆ, ಮನೆ ಕೀಲಿ ಹಾಕಿರುತ್ತದೆ, ‘ವಿಳಾಸದಲ್ಲಿ ಇಲ್ಲ’ ಎಂದು ಷರಾ ಬೀಳುತ್ತದೆ. ಆದ್ದರಿಂದ ಅರ್ಜಿ ಹಾಕಿದ ವಾರವೇ ಆ ಅಧಿಕಾರಿಯನ್ನು ಕಂಡು ಮನೆಯ ಗುರುತು ಹೇಳಿ, ನಿಮ್ಮ ನಂಬರು ಕೊಟ್ಟು ಬನ್ನಿ. ‘ಸಾಹೇಬ್ರ, ಬರೋ ದಿನ ಒಂದ್ ಫೋನ್ ಮಾಡ್ರಿ, ನಾವ ಕರ್ಕೊಂಡು ಕುಂದ್ರತೀವಿ’ ಎನ್ನುವ ಒಂದು ಮಾತು ಎರಡು ತಿಂಗಳ ಓಡಾಟ ಉಳಿಸುತ್ತದೆ.

ವಿಧವಾ ವೇತನಕ್ಕೆ ಗಂಡನ ಮರಣ ನೋಂದಣಿ ಬೇಕು. ಮನೆಯಲ್ಲಿ ತೀರಿಹೋದವರ ಹೆಸರನ್ನು ಎಷ್ಟೋ ಕುಟುಂಬಗಳು ಬರೆಸುವುದೇ ಇಲ್ಲ. 21 ದಿನದೊಳಗೆ ಬರೆಸಿದರೆ ಖರ್ಚಿಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶವೇ ಬೇಕಾಗುತ್ತದೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ದಿವಸದ ಕಾರ್ಯ ಮುಗಿಯುವುದರೊಳಗೆ ಈ ಕೆಲಸ ಮಾಡಿಸಿಬಿಡಿ. ದುಃಖದಲ್ಲಿರುವ ಹೆಣ್ಣುಮಗಳಿಗೆ ಅಡುಗೆ ಮಾಡಿ ಒಯ್ದು ಕೊಡುವಷ್ಟೇ ದೊಡ್ಡ ಉಪಕಾರ ಇದು. ತೀರಿಹೋದವರು 18ರಿಂದ 59ರ ವಯಸ್ಸಿನ ದುಡಿಯುವವರಾಗಿದ್ದು ಬಡತನ ರೇಖೆಯ ಕೆಳಗಿನ ಕುಟುಂಬವಾಗಿದ್ದರೆ, ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಒಂದೇ ಗಂಟಿಗೆ 20,000 ರೂಪಾಯಿ ಸಿಗುತ್ತದೆ. ಇದನ್ನು ಕೇಳುವವರು ಕಡಿಮೆ.

ಅಂಗವಿಕಲರ ವಿಷಯಕ್ಕೆ ಬಂದರೆ, ಪ್ರತಿ ಗ್ರಾಮ ಪಂಚಾಯ್ತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪೇಟೆಯಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರೂ ಹೆಚ್ಚಾಗಿ ಅಂಗವಿಕಲರೇ, ದಾರಿ ಬಲ್ಲವರು. ಮೊದಲು ಅವರನ್ನು ಹುಡುಕಿ.

ನಿಂತುಹೋದ ಪಗಾರ

ಹೊಸ ಪಗಾರಕ್ಕಿಂತ ನಿಂತುಹೋದದ್ದನ್ನು ಮತ್ತೆ ಶುರು ಮಾಡಿಸುವ ಕೆಲಸವೇ ಹೆಚ್ಚು ಬರುತ್ತದೆ. ‘ಮೂರ್ ತಿಂಗಳಾತ್ರಿ, ರೊಕ್ಕ ಬಂದಿಲ್ಲ’ ಎಂದರೆ ತಹಶೀಲ್ದಾರ್ ಕಚೇರಿಗೆ ಹೋಗುವ ಮೊದಲು ಪಾಸ್‌ಬುಕ್ ಎಂಟ್ರಿ ಹಾಕಿಸಿ. ಕೆಲವೊಮ್ಮೆ ರೊಕ್ಕ ಬಂದಿರುತ್ತದೆ, ತಿಳಿಸುವವರು ಇರುವುದಿಲ್ಲ.

ಬಂದಿಲ್ಲವೆಂದರೆ ಮೊದಲ ಅನುಮಾನ ಆಧಾರ್ ಜೋಡಣೆಯ ಮೇಲೆ. ರೊಕ್ಕ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಸ್ವಸಹಾಯ ಸಂಘದ ಸಾಲಕ್ಕೋ ಇನ್ನಾವುದಕ್ಕೋ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಅಲ್ಲಿಯೂ ಆಧಾರ್ ಕೊಟ್ಟು ಸಹಿ ಮಾಡಿದ್ದರೆ, ಪಗಾರ ಸದ್ದಿಲ್ಲದೆ ಆ ಖಾತೆಗೆ ತಿರುಗಿರುತ್ತದೆ. ಹಿರಿಯರು ಹಳೇ ಪಾಸ್‌ಬುಕ್ ಹಿಡಿದು ಅಲೆಯುತ್ತಿರುತ್ತಾರೆ. ಆಧಾರ್‌ಗೆ ಮೊಬೈಲ್ ಜೋಡಣೆಯಾಗಿದ್ದರೆ ಯುಐಡಿಎಐ ಜಾಲತಾಣದಲ್ಲಿ ಒಟಿಪಿ ಹಾಕಿ ಯಾವ ಬ್ಯಾಂಕ್ ಎಂದು ನೋಡಬಹುದು. ಇಲ್ಲದಿದ್ದರೆ ಬ್ಯಾಂಕಿನವರನ್ನು ‘ಎನ್‌ಪಿಸಿಐ ಮ್ಯಾಪಿಂಗ್ ಎಲ್ಲಿದೆ ನೋಡ್ರಿ’ ಎಂದು ಇದೇ ಶಬ್ದದಲ್ಲಿ ಕೇಳಿ. ಸರ್ಕಾರದ ರೊಕ್ಕ ಯಾವ ಬ್ಯಾಂಕಿಗೆ ಹೋಗಬೇಕೆಂದು ತೋರಿಸುವ ದಾಖಲೆ ಅದು. ‘ಆಧಾರ್ ಲಿಂಕ್ ಆಗ್ಯಾದೇನು’ ಎಂದು ಕೇಳಿದರೆ ‘ಆಗ್ಯಾದ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ನಿಮಗೆ ಬೇಕಾದ ಉತ್ತರವೂ ಅದಲ್ಲ.

ಎರಡನೆಯದು, ಖಾತೆ ನಿದ್ದೆಹೋಗಿರುವುದು. ಎರಡು ವರ್ಷ ಹಣ ತೆಗೆಯದೆ, ಹಾಕದೆ ಇದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಕೆವೈಸಿ, ಅಂದರೆ ಬ್ಯಾಂಕಿಗೆ ಕೊಟ್ಟ ಗುರುತು-ವಿಳಾಸದ ದಾಖಲೆ, ಹಳೆಯದಾದರೂ ತಡೆಯುತ್ತಾರೆ. ಆಧಾರ್, ಫೋಟೋ ಕೊಟ್ಟು ಹಿರಿಯರು ಖುದ್ದಾಗಿ ಹೋದರೆ ಸರಿಯಾಗುತ್ತದೆ. ಮೂರನೆಯದು ಮನಸ್ಸಿಗೆ ಹೆಚ್ಚು ಕಷ್ಟ ಕೊಡುವಂಥದ್ದು: ಪರಿಶೀಲನೆಯಲ್ಲಿ ‘ಮೃತ’ ಅಥವಾ ‘ವಲಸೆ’ ಎಂದು ದಾಖಲಾಗಿರುವುದು. ಆಗ ಹಿರಿಯರನ್ನೇ ತಹಶೀಲ್ದಾರ್ ಕಚೇರಿಯ ಪಿಂಚಣಿ ಶಾಖೆಗೆ ಕರೆದೊಯ್ದು, ಪುನಃ ಚಾಲನೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆ ಒತ್ತಿಸಿಕೊಳ್ಳಬೇಕು. ನಿಂತ ತಿಂಗಳುಗಳ ಬಾಕಿ ಕೊಡಬೇಕೆಂದು ಅದೇ ಅರ್ಜಿಯಲ್ಲಿ ತಿಂಗಳ ಹೆಸರು ಹಾಕಿ ಬರೆಯಿರಿ.

ಹುಬ್ಬಳ್ಳಿಯಿಂದ ಧಾರವಾಡದ ಕಚೇರಿಗೆ ಹೋಗುವಾಗ ಬಸ್ಸಿನ ವಿಷಯ ನೆನಪಿರಲಿ. ಹೆಣ್ಣುಮಕ್ಕಳ ಉಚಿತ ಪ್ರಯಾಣದ ಶಕ್ತಿ ಯೋಜನೆ ಎಸಿ ಬಸ್ಸಿಗೆ ಅನ್ವಯಿಸುವುದಿಲ್ಲ, ಎರಡೂ ಊರುಗಳ ನಡುವೆ ಓಡುವ ಚಿಗರಿ ಎಸಿ ಬಸ್ಸು. ಅಜ್ಜಿಗೂ ಜೊತೆಗೆ ಹೋಗುವ ಹೆಣ್ಣುಮಗಳಿಗೂ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗುರುತಿನ ಚೀಟಿ ಇಟ್ಟುಕೊಂಡರಾಯಿತು. ಮೊಣಕಾಲು ನೋವಿದ್ದವರಿಗೆ ಮಾತ್ರ ಮೆಟ್ಟಿಲು ಹತ್ತುವ ಕಷ್ಟವಿಲ್ಲದ ಚಿಗರಿಯೇ ಮೇಲು. ಆ ಟಿಕೆಟ್ಟಿನ ಖರ್ಚನ್ನು ನೀವು ಹಾಕಿ.

ಥಂಬ್ ಬೀಳದಿದ್ದರೆ

ಹೊಲದ ಕೆಲಸ, ಕಲ್ಲು-ಸಿಮೆಂಟು, ಭಾಂಡಿ ತಿಕ್ಕುವ ಪುಡಿ, ಸುಣ್ಣ, ಇವೆಲ್ಲ ಬೆರಳಿನ ಗೆರೆ ಸವೆಸುತ್ತವೆ. ವಯಸ್ಸಾದಂತೆ ಚರ್ಮ ಒಣಗಿ ಗೆರೆಯ ಉಬ್ಬು ತಗ್ಗುತ್ತದೆ. ಬಾಗಿಲ ಸಂದಿಯಲ್ಲಿ ಥಂಡಿ ಗಾಳಿ ಬರುವ ಡಿಸೆಂಬರ್-ಜನವರಿಯಲ್ಲಿ ಇನ್ನೂ ಕಷ್ಟ.

ಹಿಂದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಲು ಹೇಳಿ. ಬೆಳಿಗ್ಗೆ ಬೆಚ್ಚನೆ ನೀರು, ಸಾಬೂನಿನಲ್ಲಿ ತೊಳೆದು ಪೂರ್ತಿ ಒರೆಸಿ. ಎಣ್ಣೆ ಉಳಿದರೆ ಮಷಿನ್ ಗಾಜು ಮಸುಕಾಗುತ್ತದೆ, ನೀರು ಉಳಿದರೆ ಗೆರೆ ಕಲೆಸುತ್ತದೆ. ಮಷಿನ್ನಿನ ಗಾಜನ್ನೂ ಒಣ ಬಟ್ಟೆಯಿಂದ ಒರೆಸಲು ಕೇಳಿ. ಹೆಬ್ಬೆಟ್ಟಿಗೇ ಜೋತುಬೀಳಬೇಡಿ. ಹೆಚ್ಚು ಸವೆಯುವ ಬೆರಳು ಅದೇ. ಎಡಗೈಯ ಉಂಗುರ ಬೆರಳು, ಮಧ್ಯದ ಬೆರಳು ಹಲವರಿಗೆ ಹತ್ತುತ್ತವೆ. ಹತ್ತೂ ಬೆರಳು ನೋಡಿ, ಹತ್ತಿದ ಬೆರಳು ಯಾವುದೆಂದು ಫೈಲಿನ ಒಳಗೆ ಬರೆದಿಡಿ. ಮುಂದಿನ ತಿಂಗಳು ಅದನ್ನೇ ಮೊದಲು ಇಟ್ಟರಾಯಿತು. ಒತ್ತಿ ಹಿಡಿಯುವುದೂ ತಪ್ಪು: ಜೋರಾಗಿ ಒತ್ತಿದರೆ ಗೆರೆಗಳು ಚಪ್ಪಟೆಯಾಗುತ್ತವೆ. ಹಗುರಾಗಿ ಇಡಿಸಿ.

ಯಾವ ಬೆರಳೂ ಹತ್ತದಿದ್ದರೆ ಆಧಾರ್‌ಗೆ ಜೋಡಣೆಯಾದ ಮೊಬೈಲಿಗೆ ಒಟಿಪಿ ಕೇಳಿ. ಅದೂ ಇಲ್ಲದಿದ್ದರೆ ಆಹಾರ ನಿರೀಕ್ಷಕರಿಗೆ ಬೆರಳಚ್ಚು ವಿನಾಯಿತಿಗಾಗಿ ಅರ್ಜಿ ಕೊಡಿ. ಅಂಗಡಿಯವರು ಅಕ್ಕಿ ನಿರಾಕರಿಸಿದರೆ ದೂರಿಗೆ 1967.

ಬ್ಯಾಂಕ್ ಮಿತ್ರ (ಬ್ಯಾಂಕಿನ ಪರವಾಗಿ ಹಣ ಕೊಡುವ ಏಜೆಂಟ್) ಅಥವಾ ಪೋಸ್ಟ್‌ಮ್ಯಾನ್ ಹತ್ತಿರ ಬೆರಳು ಕೊಟ್ಟು ಹಣ ತೆಗೆಯುವಾಗ ಒಂದು ಎಚ್ಚರಿಕೆ. ‘ಫೇಲ್ ಆತು, ಇನ್ನೊಮ್ಮೆ ಇಡ್ರಿ’ ಎಂದರೆ ಮೊದಲು ಫೇಲ್ ಆದ ಚೀಟಿ ಕೇಳಿ. ಚೀಟಿ ಕೈಗೆ ಬರುವವರೆಗೆ ಎರಡನೇ ಸಲ ಬೆರಳು ಇಡಿಸಬೇಡಿ. ಹಿರಿಯರ ಎಟಿಎಂ ಕಾರ್ಡ್, ಪಿನ್ ನೀವೂ ಇಟ್ಟುಕೊಳ್ಳಬೇಡಿ, ಎಷ್ಟೇ ಒತ್ತಾಯ ಮಾಡಿದರೂ. ಹಣ ತೆಗೆದ ಕೂಡಲೇ ಅವರ ಕೈಯಲ್ಲೇ ಎಣಿಸಿ ಕೊಡಿಸಿ.

ಬೀದಿಯಲ್ಲಿ ಮಲಗಿರುವವರು

ರೈಲ್ವೆ ನಿಲ್ದಾಣ, ಹಳೇ ಬಸ್ ನಿಲ್ದಾಣ, ಸಿದ್ಧಾರೂಢ ಮಠದ ಸುತ್ತ ಇರುವವರಲ್ಲಿ ಎಲ್ಲರೂ ಒಂದೇ ಥರದವರಲ್ಲ. ದುಡಿಯಲು ಬಂದು ಕೋಣೆ ಸಿಗದವರು, ಮನೆಯಿಂದ ಹೊರಬಿದ್ದ ಹಿರಿಯರು, ನೆನಪು ತಪ್ಪಿದವರು, ಮಾನಸಿಕ ಕಾಯಿಲೆಯವರು ಇರುತ್ತಾರೆ. ಮೊದಲು ಕುಳಿತು ಹೆಸರು, ಊರು ಕೇಳಿ. ‘ಅಜ್ಜಾರ, ಯಾವೂರ್ರಿ ನಿಮ್ದು?’

ಪ್ರಜ್ಞೆ ಇಲ್ಲ, ಉಸಿರಾಟ ಕಷ್ಟ, ಗಾಯ ಕೊಳೆತಿದೆ ಎಂದರೆ ತಡ ಮಾಡದೆ 108. ಆ್ಯಂಬುಲೆನ್ಸ್‌ನವರಿಗೆ ‘ಸ್ಟೇಷನ್ ಹತ್ರ’ ಎಂದರೆ ಸಾಲದು. ಯಾವ ಗೇಟು, ಎದುರಿಗೆ ಯಾವ ಅಂಗಡಿ, ಹೇಳಿ ಅಲ್ಲಿಯೇ ನಿಲ್ಲಿ. ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಪಾಲಿಕೆಯ ಚಿಟಗುಪ್ಪಿ ಆಸ್ಪತ್ರೆ, ಧಾರವಾಡದ ಜಿಲ್ಲಾ ಆಸ್ಪತ್ರೆ ಎಲ್ಲರಿಗೂ ಗೊತ್ತಿರುವವೇ. ಸಾಧ್ಯವಾದರೆ ಜೊತೆಗೆ ಹೋಗಿ. ಪಾಳಿ ಬದಲಾಗುವಾಗ ವಾರಸುದಾರರಿಲ್ಲದ ರೋಗಿಯ ಮಾತು ಹೇಳುವವರು ಇರುವುದಿಲ್ಲ. ಮರುದಿನ ಹೋಗಿ ವಾರ್ಡ್ ನಂಬರು ಕೇಳಿ ಬರುವುದೂ ದೊಡ್ಡ ಸಹಾಯ.

ಹಲವು ದಿನ ಹಸಿದವರಿಗೆ ಹೊಟ್ಟೆ ತುಂಬ ಊಟ ಕೊಡುವುದು ಅಪಾಯ. ಒಮ್ಮೆಲೇ ಬಹಳ ತಿಂದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಕುತ್ತು ಬರಬಹುದು. ತೆಳ್ಳಗಿನ ಗಂಜಿ, ಸ್ವಲ್ಪ ಸ್ವಲ್ಪವಾಗಿ, ಆಸ್ಪತ್ರೆಗೆ ತಲುಪುವವರೆಗೆ. ವಾಂತಿ-ಭೇದಿಯಾಗಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹಲ್ಲಿಲ್ಲದವರಿಗೆ ಕಟಕ ರೊಟ್ಟಿ ಕೊಟ್ಟು ಬರಬೇಡಿ. ಮೆತ್ತನೆ ಅನ್ನ-ಸಾರು ಕೊಡಿ, ಇಲ್ಲವೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಿ. ಚಳಿಗೆ ಕೌದಿ ಬೆಚ್ಚಗಿರುತ್ತದೆ, ಆದರೆ ಧಾರವಾಡದ ಜುಲೈ ಮಳೆಯಲ್ಲಿ ನೆಂದ ಕೌದಿ ವಾರವಾದರೂ ಆರುವುದಿಲ್ಲ. ಮಳೆಗಾಲದಲ್ಲಿ ತೆಳು ಚಾದರ, ಅದರ ಮೇಲೆ ಹೊದೆಯಲು ಪ್ಲಾಸ್ಟಿಕ್ ತಾಡಪಾಲು.

ಮಾನಸಿಕ ಅಸ್ವಸ್ಥರು ಅಲೆಯುತ್ತಿದ್ದರೆ 112ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 100ನೇ ಕಲಂ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯುವುದು ಠಾಣಾಧಿಕಾರಿಯ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆ-ಮಠ ಇಲ್ಲದವರಾದರೆ ಕುಟುಂಬ ಹುಡುಕಲು ನಾಪತ್ತೆ ಪ್ರಕರಣ ದಾಖಲಿಸಬೇಕು. ಕಲಂ ಸಂಖ್ಯೆ ಹೇಳಿ ವಿನಯದಿಂದ ಕೇಳಿದರೆ ಕೆಲಸ ಬೇಗ ಸಾಗುತ್ತದೆ. ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇರುವುದು ಈ ಭಾಗದ ಪುಣ್ಯ. ಮನೆಯಲ್ಲೇ ಇರುವ ರೋಗಿಯ ಬಗ್ಗೆ ಸಲಹೆ ಬೇಕಾದರೆ ಟೆಲಿ-ಮಾನಸ್ 14416, ಹಗಲು-ರಾತ್ರಿ, ಕನ್ನಡದಲ್ಲಿ.

ಒಂಟಿ ಮಗು ಕಂಡರೆ 1098. ಮಗುವನ್ನು ಮನೆಗೆ ಕರೆದೊಯ್ದು ಇಟ್ಟುಕೊಳ್ಳಬೇಡಿ, ಎಷ್ಟೇ ಅಕ್ಕರೆ ಬಂದರೂ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೊಡೆತ ತಿಂದು ಹೊರಬಂದ ಹೆಣ್ಣುಮಗಳಿಗೆ 181. ಜಿಲ್ಲೆಯ ಸಖಿ ಕೇಂದ್ರದಲ್ಲಿ ವೈದ್ಯರು, ಪೊಲೀಸ್, ಕಾನೂನು ನೆರವು, ಕೆಲ ದಿನದ ವಸತಿ ಒಂದೇ ಕಡೆ ಸಿಗುತ್ತವೆ.

ಮಕ್ಕಳಿದ್ದೂ ದಿಕ್ಕಿಲ್ಲದ ಹಿರಿಯರು

ಇವರು ಬಾಯಿ ಬಿಡುವುದಿಲ್ಲ. ‘ಮಗಾ ಛಲೋ ಅದಾನ್ರಿ, ಸೊಸಿಗೆ ಪುರಸೊತ್ತಿಲ್ಲ’ ಎನ್ನುತ್ತಲೇ ಗುಡಿ ಕಟ್ಟೆಯ ಮೇಲೆ ದಿನ ಕಳೆಯುತ್ತಾರೆ. ಮೊದಲು ಹಿರಿಯರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ ಕರೆ ಮಾಡಿ, ಮಾತುಕತೆಯಲ್ಲಿ ಬಗೆಹರಿಯುತ್ತದೆಯೇ ನೋಡಿ.

ಆಗದಿದ್ದರೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿಗಳೇ ನ್ಯಾಯಮಂಡಳಿಯ ಅಧ್ಯಕ್ಷರು. ನಮ್ಮ ಜಿಲ್ಲೆಗೆ ಧಾರವಾಡದಲ್ಲಿದೆ. ಹಿರಿಯರಿಗೆ ಓಡಾಡಲು ಆಗದಿದ್ದರೆ ಅವರು ಅಧಿಕಾರ ಕೊಟ್ಟ ಬೇರೊಬ್ಬರು ಅರ್ಜಿ ಹಾಕಬಹುದು. ವಕೀಲರು ಬೇಕಿಲ್ಲ. ಬಿಳಿ ಹಾಳೆಯಲ್ಲಿ ಹಿರಿಯರ ಹೆಸರು, ವಯಸ್ಸು, ಮಕ್ಕಳೆಲ್ಲರ ಹೆಸರು-ವಿಳಾಸ-ಉದ್ಯೋಗ, ತಿಂಗಳ ಔಷಧಿ ಮತ್ತು ಊಟದ ಖರ್ಚು ಬರೆಯಿರಿ. ಒಬ್ಬ ಮಗನ ಹೆಸರು ಬಿಟ್ಟರೆ, ಬಂದವನು ‘ಅವನನ್ನೂ ಕರೀರಿ’ ಎನ್ನುತ್ತಾನೆ, ಒಂದು ತಾರೀಖು ಹಾಳಾಗುತ್ತದೆ. ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ, ನೋಟಿಸ್ ಕೊಟ್ಟ 90 ದಿನದೊಳಗೆ ತೀರ್ಮಾನ ಎಂದಿದೆ. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಬರೆಸಿಕೊಂಡ ದಾನಪತ್ರವನ್ನು 23ನೇ ಕಲಂನಲ್ಲಿ ರದ್ದುಪಡಿಸಲು ಕೇಳಬಹುದು. ಹೀಗಾಗಿ ಇನ್ನೂ ಬರೆದುಕೊಡದವರಿಗೆ ಈಗಲೇ ಹೇಳಿ: ಮನೆ ಬರೆದುಕೊಡುವುದಿದ್ದರೆ ಆ ಷರತ್ತು ಪತ್ರದಲ್ಲಿ ಅಕ್ಷರದಲ್ಲಿ ಇರಬೇಕು. ಕಾನೂನು ಸಲಹೆಗೆ 15100. ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ.

ಕೊಡುವುದಾದರೆ

ವೃದ್ಧಾಶ್ರಮಕ್ಕೋ ಬಾಲಮಂದಿರಕ್ಕೋ ಕೊಡುವ ಮೊದಲು ಫೋನ್ ಮಾಡಿ ಏನು ಬೇಕೆಂದು ಕೇಳಿ. ಹುಟ್ಟುಹಬ್ಬದ ಸಿಹಿ ಊಟ ಒಂದೇ ಭಾನುವಾರ ಮೂರು ಕಡೆಯಿಂದ ಬರುತ್ತದೆ. ತೊಗರಿಬೇಳೆ, ಶೇಂಗಾ ಎಣ್ಣೆ, ಫಿನಾಯಿಲ್, ದೊಡ್ಡವರ ಡೈಪರ್ ಯಾರೂ ತರುವುದಿಲ್ಲ. ಮಕ್ಕಳ ಸಂಸ್ಥೆಯಾದರೆ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಪತ್ರ ನೋಡಿ. ತೆರಿಗೆ ವಿನಾಯಿತಿ ಬೇಕಿದ್ದರೆ 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಡಬೇಡಿ, ಚೆಕ್ ಅಥವಾ ಆನ್‌ಲೈನ್ ಇರಲಿ. ಪಡೆಯುವವರ ಮುಖದ ಫೋಟೋ ತೆಗೆದು ವಾಟ್ಸ್ಆ್ಯಪ್ಪಿಗೆ ಹಾಕಬೇಡಿ. ಅವರ ಊರಿನವರು, ಬೀಗರು ಅದನ್ನು ನೋಡುತ್ತಾರೆ.

ಸಮಯ ಕೊಡುವವರು ವಾರದ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ. ಕಚೇರಿಯ ಕೆಲಸಕ್ಕೆ ಸೋಮವಾರ ಬೇಡ, ಗದ್ದಲ ಹೆಚ್ಚು. ಬುಧವಾರ ಬೆಳಿಗ್ಗೆ ಹತ್ತೂವರೆ ಒಳ್ಳೆಯದು. ಊರು ಬಿಡುವುದಿದ್ದರೆ ಫೈಲನ್ನು ಇನ್ನೊಬ್ಬರಿಗೆ ಹಿರಿಯರ ಎದುರಿಗೇ ಪರಿಚಯಿಸಿ ಒಪ್ಪಿಸಿ. ಅರ್ಜಿ ನಂಬರು, ಹತ್ತುವ ಬೆರಳು, ಮುಂದಿನ ತಾರೀಖು, ಈ ಮೂರನ್ನು ಫೈಲಿನ ಮೊದಲ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದಿರಿ.